ಕರೆಗಂಟೆಯ ಮೇಲಿನ ಅಪ್ಪ

ಸ್ಟುಟ್‌ಗಾರ್ಟಿನಲ್ಲಿ ನಾನಿರುವ ಕಟ್ಟಡಕ್ಕೆ ನಂಬರುಂಟು, ಒಳಗಿನ ಮನೆಗಳಿಗೆ ಇಲ್ಲ. ಜರ್ಮನಿಯಲ್ಲಿ ಹೆಚ್ಚಿನ ಕಡೆ ಹೀಗೇ. ಹೊರಬಾಗಿಲ ಪಕ್ಕ ಕರೆಗಂಟೆಗಳ ಸಾಲು, ಒಳಗೆ ಟಪಾಲು ಪೆಟ್ಟಿಗೆಗಳ ಸಾಲು, ಎರಡರ ಮೇಲೂ ಮನೆತನದ ಹೆಸರು. ಅಂಚೆಯವನು ನೋಡುವುದು ಆ ಹೆಸರನ್ನು ಮಾತ್ರ. ಪೆಟ್ಟಿಗೆಯ ಮೇಲೆ ಹೆಸರು ಕಾಣದಿದ್ದರೆ, ನೀವು ಮಹಡಿಯ ಕಿಟಕಿಯಿಂದ ಕೈಬೀಸುತ್ತಿದ್ದರೂ ಕಾಗದದ ಮಟ್ಟಿಗೆ ನೀವು ಆ ಊರಲ್ಲಿ ಇಲ್ಲ. ಅದು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಕ್ಕೆ ಹೋಗುತ್ತದೆ.

ನನಗಾದರೋ ಮನೆತನದ ಹೆಸರೇ ಇಲ್ಲ. ಇದ್ದದ್ದು ಒಂದು ಇನಿಶಿಯಲ್ಲು. ಶಾಲೆ, ಕಾಲೇಜು, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲವೂ ಆ ಒಂದಕ್ಷರದಲ್ಲೇ ಮುಗಿದಿದ್ದವು. ಪಾಸ್‌ಪೋರ್ಟು ಮಾಡಿಸುವಾಗ ಅದನ್ನು ಬಿಡಿಸಿ ಬರೆಯಬೇಕಾಯಿತು, ಅಪ್ಪನ ಹೆಸರು ಮನೆತನದ ಖಾನೆಗೆ ಹೋಗಿ ಕೂತಿತು. ಅಲ್ಲಿಂದ ವೀಸಾಕ್ಕೆ, ವೀಸಾದಿಂದ ಬಾಡಿಗೆ ಕರಾರಿಗೆ, ಕರಾರಿನಿಂದ ಕರೆಗಂಟೆಗೆ. ಹೀಗೆ ಪುತ್ತೂರಿನಾಚೆ ಅಡಿಕೆ ತೋಟ ಮಾಡಿಕೊಂಡು, ದನ ಬಿಟ್ಟು ಒಂದು ರಾತ್ರಿಯೂ ಹೊರಗೆ ಉಳಿಯದ ನಾರಾಯಣ ಎಂಬ ಮನುಷ್ಯ ಸ್ಟುಟ್‌ಗಾರ್ಟಿನ ಒಂದು ಹೊರಬಾಗಿಲಿನಲ್ಲಿ ಖಾಯಂ ಆಗಿ ನಿಂತಿದ್ದಾರೆ. ಹಲ್ಲಿನ ಡಾಕ್ಟರಲ್ಲಿಗೆ ಹೋದರೆ ನರ್ಸು ಬಾಗಿಲಿಗೆ ಬಂದು 'ಫ್ರೌ ನಾರಾಯಣ' ಎಂದು ಕರೆಯುತ್ತಾಳೆ. ಮೊದಮೊದಲು ನಾನು ಅಪ್ಪನೇ ಬಂದಿದ್ದಾರೋ ಎಂದು ಹಿಂದಕ್ಕೆ ತಿರುಗಿ ನೋಡುತ್ತಿದ್ದೆ. ಹಲ್ಲು ಕೀಳಿಸಿಕೊಂಡದ್ದು ಮಾತ್ರ ನಾನೇ.

ಊರಿನಲ್ಲಿ ಇದೆಲ್ಲ ಬೇಡ. ನಮ್ಮ ಕಡೆ ಪ್ರತಿ ಮನೆಗೂ ಒಂದು ಹೆಸರಿರುತ್ತದೆ, ಆ ಜಾಗದ ಹೆಸರು. ಮನುಷ್ಯನಿಗೂ ಅದೇ ಅಂಟಿಕೊಳ್ಳುತ್ತದೆ. ಅದೂ ಗೊತ್ತಿಲ್ಲದೆ ಬಂದವರು ಬಸ್ಸಿಳಿದು ರಸ್ತೆ ಬದಿಯ ಅಂಗಡಿಯಲ್ಲಿ "ನಾರಾಯಣಣ್ಣನ ಮನೆ ಎಲ್ಲಿ?" ಎಂದು ಕೇಳಿದರೆ ಆಯಿತು. ಅಂಗಡಿಯವರು ದಾರಿ ಹೇಳುವ ಮೊದಲು "ಎಲ್ಲಿಂದ ಬಂದದ್ದು? ಎಂತ ವಿಶೇಷ?" ಎಂದು ವಿಚಾರಿಸುತ್ತಾರೆ. ಬಂದವರು ಗುಡ್ಡ ಹತ್ತಿ ಇಳಿದು ನಮ್ಮ ಅಂಗಳಕ್ಕೆ ಕಾಲಿಡುವ ಹೊತ್ತಿಗೆ, ಅವರು ಯಾರ ಪೈಕಿ, ಮದುವೆಯ ಕಾಗದ ಕೊಡಲು ಬಂದದ್ದೋ ಸಾಲ ಕೇಳಲು ಬಂದದ್ದೋ ಎಂಬ ವರದಿ ಫೋನಿನಲ್ಲಿ ಬಂದು ಮುಟ್ಟಿ, ಒಲೆಯ ಮೇಲೆ ಚಾಯದ ನೀರು ಕುದಿಯುತ್ತಿರುತ್ತದೆ.

ಎರಡು ಊರುಗಳನ್ನು ಹೋಲಿಸಲು ಕೂತವರು ಸಾಮಾನ್ಯವಾಗಿ ರಸ್ತೆ, ಸಂಬಳ, ಚಳಿ, ಸ್ವಚ್ಛತೆ ಎಂದು ಶುರುಮಾಡುತ್ತಾರೆ. ನನ್ನ ಕಣ್ಣಿಗೆ ಬೀಳುವ ವ್ಯತ್ಯಾಸ ಬೇರೆ. ನಮ್ಮೂರಿನ ದಿನ ನಡೆಯುವುದು ಬಾಯಿಯ ಮೇಲೆ, ಇಲ್ಲಿಯದು ಕಾಗದದ ಮೇಲೆ. ಉಳಿದ ಸಂಗತಿಗಳಲ್ಲಿ ಅರ್ಧಕ್ಕರ್ಧ ಇದರ ಬಾಲ ಹಿಡಿದುಕೊಂಡೇ ಬರುತ್ತವೆ.

ಇಲ್ಲಿ ಮನೆ ಬದಲಾಯಿಸಿದರೆ ಎರಡು ವಾರದೊಳಗೆ ನಗರದ ಕಚೇರಿಗೆ ಹೋಗಿ ಹೆಸರು ಬರೆಸಬೇಕು, ಅದಕ್ಕೆ ಮನೆ ಮಾಲೀಕ ಸಹಿ ಹಾಕಿದ ಕಾಗದ ಬೇಕು. ಬರೆಸಿದ ಸುದ್ದಿ ಎಲ್ಲೆಲ್ಲಿಗೆ ಹೋಗುತ್ತದೋ, ಸ್ವಲ್ಪ ದಿನದಲ್ಲಿ ರೇಡಿಯೋ-ಟೀವಿ ಶುಲ್ಕದವರ ಪತ್ರ ಬಂದು ಬೀಳುತ್ತದೆ: ತಿಂಗಳಿಗೆ 18.36 ಯೂರೋ, ಮನೆಯಲ್ಲಿ ಟೀವಿ ಇರಲಿ ಇಲ್ಲದಿರಲಿ. ಆಮೇಲೆ ಆರೋಗ್ಯ ವಿಮೆಯವರು, ತೆರಿಗೆಯವರು, ಬ್ಯಾಂಕಿನವರು, ಹೀಟರಿನ ಮೀಟರು ಓದುವವರು. ಒಂದನ್ನೂ ಬಿಸಾಡುವ ಹಾಗಿಲ್ಲ. ಎರಡು ತೂತು ಕೊರೆದು ಫೈಲಿಗೆ ಸೇರಿಸಬೇಕು. ದಪ್ಪ ಬೆನ್ನಿನ, ಒಳಗೆ ಕಬ್ಬಿಣದ ಸನ್ನೆ ಇರುವ ಆ ಫೈಲು ಈಗ ನಮ್ಮ ಕಚೇರಿಗಳಲ್ಲೂ ಕಾಣಸಿಗುತ್ತದೆ. ಅದನ್ನು ಲೋಕಕ್ಕೆ ಹರಡಿದ ಲೂಯಿ ಲೈಟ್ಸ್ ಎಂಬಾತ 1871ರಲ್ಲಿ ಕಾರ್ಖಾನೆ ಶುರುಮಾಡಿದ್ದು ಇದೇ ಸ್ಟುಟ್‌ಗಾರ್ಟಿನಲ್ಲಿ. ಊರಿಗೆ ಕಾರಿನ ಊರೆಂದು ಹೆಸರು, ಡೈಮ್ಲರ್, ಪೋರ್ಷೆ, ಬಾಷ್ ಎಲ್ಲ ಇಲ್ಲಿನವೇ. ನನ್ನನ್ನು ಕೇಳಿದರೆ ಈ ಊರಿನ ನಿಜವಾದ ಕುಲದೇವರು ಆ ಫೈಲು.

ಬೇಕರಿಯಲ್ಲಿ ಒಂದೇ ಒಂದು ಬನ್ನು ಕೊಂಡರೂ ರಶೀದಿ ಕೊಡಲೇಬೇಕೆಂದು 2020ರ ಜನವರಿಯಿಂದ ಕಾನೂನೇ ಬಂದಿದೆ. ಬನ್ನು ಬಾಯಿಗೆ ಹೋಗುತ್ತದೆ, ರಶೀದಿ ಕಸದ ಬುಟ್ಟಿಗೆ. ಆ ಬೇಕರಿಗಳಲ್ಲಿ ಎಷ್ಟೋ ಕಡೆ ಇವತ್ತಿಗೂ ಕೈಯಲ್ಲಿ ಚಿಲ್ಲರೆ ಕಾಸೇ ಇರಬೇಕು, ಕಾರ್ಡು ತೋರಿಸಿದರೆ ಮುಖ ಗಂಟಾಗುತ್ತದೆ. ಪುತ್ತೂರಿನ ಕಿಲ್ಲೆ ಮೈದಾನದ ಸೋಮವಾರದ ಸಂತೆಗೆ ಹೋಗಿ ನೋಡಿ: ಬಸಳೆ ಮಾರುವ ಅಕ್ಕನ ಬುಟ್ಟಿಯ ಪಕ್ಕದಲ್ಲಿ ಕ್ಯೂಆರ್ ಹಲಗೆ, ಅದರ ಹಿಂದೆ ಒಂದು ಸಣ್ಣ ಪೆಟ್ಟಿಗೆ. ಹಣ ಬಿದ್ದ ಕೂಡಲೇ ಆ ಪೆಟ್ಟಿಗೆಯೊಳಗಿಂದ ಕಿಚ್ಚ ಸುದೀಪ್ ದನಿ ಇಡೀ ಸಾಲಿಗೆ ಕೇಳುವಂತೆ ಮೊತ್ತ ಹೇಳುತ್ತದೆ. ನಮ್ಮೂರಿಗೆ ಎಂಥ ಹೊಸ ಯಂತ್ರ ಬಂದರೂ ಅದಕ್ಕೆ ಬಾಯಿ ಬರದೆ ನಿರ್ವಾಹವಿಲ್ಲ.

ಅಮ್ಮ ಮೂರು ತಿಂಗಳ ವೀಸಾದಲ್ಲಿ ಇಲ್ಲಿಗೆ ಬಂದಾಗ ಈ ಬಾಯಿಗೂ ಆ ಕಾಗದಕ್ಕೂ ಮುಖಾಮುಖಿಯಾಯಿತು. ಅಪ್ಪ ಬರಲಿಲ್ಲ, ದನ ಕರು ಹಾಕುವುದಿತ್ತು.

ಅಮ್ಮ ತನ್ನ ಜೀವಮಾನದಲ್ಲಿ ಅಪ್ಪನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಕಾರ್ಡು ಮುಂದಿಡುತ್ತಾಳೆ, ಆಸ್ಪತ್ರೆಯಲ್ಲಿ ಕೇಳಿದರೆ ಪಕ್ಕದಲ್ಲಿದ್ದವರ ಮುಖ ನೋಡುತ್ತಾಳೆ. ವಿಷ್ಣುಸಹಸ್ರನಾಮದಲ್ಲಿ ಆ ಹೆಸರು ಬರುವಾಗ ಮಾತ್ರ, ದೇವರದ್ದಲ್ಲವಾ ಎಂದು ರಿಯಾಯಿತಿ. ಒಂದು ದಿನ ನಾನು ಆಫೀಸಿಗೆ ಹೋದ ಮೇಲೆ ಕರೆಗಂಟೆ ಬಡಿಯಿತು. ಇಲ್ಲಿ ಪಾರ್ಸೆಲು ತರುವವರು ಆ ಮನೆಯವರು ಇಲ್ಲದಿದ್ದರೆ ಅದೇ ಕಟ್ಟಡದ ಬೇರೆ ಯಾವುದಾದರೂ ಗಂಟೆ ಒತ್ತಿ ಅಲ್ಲಿ ಕೊಟ್ಟು, ಇಂಥವರ ಬಳಿ ಇದೆ ಎಂದು ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಹೋಗುತ್ತಾರೆ. ಚೀಟಿಯಲ್ಲಿ ಬರೆಯಲು ಹೆಸರು ಬೇಕಲ್ಲ. ಸಂಜೆ ನಾನು ಬಂದು ಬೂಟು ಬಿಚ್ಚುವ ಮೊದಲೇ ಅಮ್ಮ ವರದಿ ಒಪ್ಪಿಸಿದಳು.

"ಅವ ಎಂತದೋ ಕೇಳಿದ, ನಂಗೆ ಅರ್ಥ ಆಗ್ಲಿಲ್ಲ. ಮತ್ತೆ ಕಿವಿಕೊಟ್ಟು ಕೇಳಿದ್ರೆ ಇವರ ಹೆಸರು ಹೇಳ್ತಾ ಇದ್ದಾನೆ ಮಾರಾಯ್ತಿ! ಒಂದು ಸಲ ಅಲ್ಲ, ಮೂರು ಮೂರು ಸಲ."

"ಮತ್ತೆ ನೀನೆಂತ ಹೇಳಿದ್ದು?"

"ಎಂತ ಹೇಳುದು? ಇಲ್ಲಿ ಇಲ್ಲ, ಊರಲ್ಲಿದ್ದಾರೆ, ಈಗ ದನಕ್ಕೆ ಹುಲ್ಲು ತರ್ಲಿಕ್ಕೆ ಹೋಗಿರ್ಬಹುದು ಅಂತ ಹೇಳಿದೆ."

ಅಷ್ಟನ್ನೂ ಕನ್ನಡದಲ್ಲೇ ಹೇಳಿದ್ದಳು. ಅವನು ಏನು ತಿಳಿದುಕೊಂಡನೋ, ಪಾರ್ಸೆಲನ್ನು ಅವಳ ಕೈಗೆ ಕೊಟ್ಟು, ಬೆರಳಿನಿಂದ ಮೊಬೈಲಿನ ಮೇಲೆ ಗೀಚಿಸಿಕೊಂಡು ಹೋಗಿದ್ದ. ರಾತ್ರಿ ಮೇಲಿನ ಮಹಡಿಯವನು ಚೀಟಿ ಹಿಡಿದುಕೊಂಡು ಬಂದು ಅಮ್ಮನನ್ನು ನೋಡಿ "ಫ್ರೌ ನಾರಾಯಣ?" ಎಂದ. ಅಮ್ಮ ಕೆಂಪಾದಳು. ನ್ಯಾಯವಾಗಿ ನೋಡಿದರೆ ಆ ಮನೆಯಲ್ಲಿ ಆ ಹೆಸರಿಗೆ ಹಕ್ಕುದಾರಳು ಅವಳೇ, ನಾನಲ್ಲ.

ಮೆಟ್ಟಿಲು ಗುಡಿಸುವ ಪ್ರಕರಣ ಇದಕ್ಕಿಂತ ದೊಡ್ಡದು. ಸ್ಟುಟ್‌ಗಾರ್ಟಿನ ಸುತ್ತಲಿನ ಶ್ವಾಬಿಯಾ ಸೀಮೆಯವರಿಗೆ ಕೇರ್‌ವೋಖೆ ಎಂಬ ಪದ್ಧತಿ ಇದೆ; ಜರ್ಮನಿಯ ಉಳಿದವರೆಲ್ಲ ಅದನ್ನು ಹಿಡಿದುಕೊಂಡೇ ಇವರನ್ನು ಗೇಲಿ ಮಾಡುವುದು. ಕಟ್ಟಡದ ಮನೆಯವರು ಸರದಿಯಂತೆ ಒಂದೊಂದು ವಾರ ಮೆಟ್ಟಿಲು ಗುಡಿಸಿ ಒರೆಸಬೇಕು. ದೊಡ್ಡ ಸರದಿ ಬಂದವರು ಹೊರಗಿನ ಕಾಲುದಾರಿ, ನೆಲಮಾಳಿಗೆ, ಕಸದ ಡಬ್ಬಿ ಇಡುವ ಜಾಗ ನೋಡಿಕೊಳ್ಳಬೇಕು. ಹಿಮ ಬಿದ್ದರೆ ಕೆಲಸದ ದಿನಗಳಲ್ಲಿ ಬೆಳಿಗ್ಗೆ ಏಳರೊಳಗೆ ಸಲಿಕೆ ಹಿಡಿದು ದಾರಿ ಬಿಡಿಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ರಟ್ಟಿನ ಫಲಕ ತೂಗುಬೀಳುತ್ತದೆ. ನಮ್ಮ ವಾರ ಮುಗಿಸಿ ಅದನ್ನು ಪಕ್ಕದವರ ಬಾಗಿಲಿಗೆ ಸಿಕ್ಕಿಸುವಾಗಿನ ಸುಖವನ್ನು ನಾನು ವರ್ಣಿಸಲಾರೆ. 1492ರ ನಗರ ಕಟ್ಟಳೆಯಲ್ಲಿ ಎಬರ್‌ಹಾರ್ಟ್ ಎಂಬ ದೊರೆ, ಪ್ರತಿಯೊಬ್ಬನೂ ತನ್ನ ಗೊಬ್ಬರವನ್ನು ವಾರ ವಾರ ಹೊರಗೆ ಸಾಗಿಸಬೇಕೆಂದು ಬರೆಸಿದನಂತೆ, ಈ ಪದ್ಧತಿಯ ಬೇರು ಅಲ್ಲಿದೆ ಎನ್ನುತ್ತಾರೆ. ಕೊಲಂಬಸ್ ಹಡಗು ಹತ್ತಿದ ವರ್ಷ ಇವರು ಸೆಗಣಿ ಎತ್ತುವ ವೇಳಾಪಟ್ಟಿ ಮಾಡಿಕೊಂಡು ಕೂತಿದ್ದರು. ಈಗ ಇದು ನಗರದ ಕಾನೂನಿಗಿಂತ ಹೆಚ್ಚಾಗಿ ಬಾಡಿಗೆ ಕರಾರಿನ ಮಾತು. ಕೆಲವು ಕಟ್ಟಡದವರು ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸುತ್ತಾರೆ. ನಮ್ಮದು ಹಳೇ ಕಾಲದ ಕಟ್ಟಡ.

"ಗುಡಿಸ್ಲಿಕ್ಕೆ ಸರದಿ ಎಂತಕ್ಕೆ? ಬೆಳಿಗ್ಗೆ ಎದ್ರೆ ಗುಡಿಸುದಲ್ವಾ?" ಎಂದಳು ಅಮ್ಮ. ಅವಳ ಲೋಕದಲ್ಲಿ ಬೆಳಗಾಗುವುದೇ ಹಿಡಿಸೂಡಿಯ ಸದ್ದಿಗೆ. ನಾನು ಆಫೀಸಿಗೆ ಹೊರಟ ಮೇಲೆ ನನ್ನ ಪ್ಲಾಸ್ಟಿಕ್ ಪೊರಕೆ ಹಿಡಿದು ಮೂರನೇ ಮಹಡಿಯಿಂದ ಕೆಳಬಾಗಿಲ ತನಕ ದಿನವೂ ಗುಡಿಸತೊಡಗಿದಳು. ಕೂತು ಕೂತು ಕಾಲು ಜೋಮು ಹಿಡಿಯುತ್ತದೆಂದು ಅವಳ ಸಮಜಾಯಿಷಿ. ಕೆಲವೇ ದಿನಗಳಲ್ಲಿ ನಮ್ಮ ಪೆಟ್ಟಿಗೆಯಲ್ಲಿ ಒಂದು ಲಕೋಟೆ. ಎರಡನೇ ಮಹಡಿಯವನದ್ದು, ಆ ವಾರ ಸರದಿ ಇದ್ದವನದ್ದು. ಅಚ್ಚುಕಟ್ಟಾಗಿ ಟೈಪು ಮಾಡಿದ ಪತ್ರ: ಮಾನ್ಯರೇ, ನಾನು ಶನಿವಾರ ನಿಯಮದಂತೆ ಗುಡಿಸಿ ಒರೆಸಿದ್ದೇನೆ, ಎಲ್ಲಾದರೂ ಕೊರತೆ ಕಂಡುಬಂದಿದ್ದರೆ ದಯವಿಟ್ಟು ತಿಳಿಸಬೇಕು. ಆ ಮನುಷ್ಯ ನಮ್ಮ ಅಡಿಗೆಮನೆಯ ಸರಿಯಾಗಿ ಕೆಳಗೆ ಮಲಗುತ್ತಾನೆ. ದಿನಕ್ಕೆರಡು ಸಲ ಮೆಟ್ಟಿಲಲ್ಲಿ ಎದುರಾಗುತ್ತಾನೆ, ನಗುತ್ತಾನೆ, ಹವಾಮಾನದ ಬಗ್ಗೆ ಮಾತಾಡುತ್ತಾನೆ. ಇದನ್ನು ಮಾತ್ರ ಬಾಯಲ್ಲಿ ಹೇಳಲಿಲ್ಲ. ಬೇರೆಯವರ ಸರದಿಯಲ್ಲಿ ಪೊರಕೆ ಹಿಡಿಯುವುದೆಂದರೆ ನಿನ್ನ ಕೆಲಸ ಸರಿಯಿಲ್ಲ ಎಂದು ಡಂಗುರ ಹೊಡೆದಂತೆ ಅವನಿಗೆ ಕೇಳಿಸಿತ್ತು.

ನಾನು ಉತ್ತರ ಬರೆದೆ, ಬರೆಯುವ ಮೊದಲು ಕರಡು ಮಾಡಿದೆ. ಅಮ್ಮನಿಗೆ ಸಂಗತಿ ತಿಳಿಸಿದಾಗ ತಲೆಯ ಮೇಲೆ ಕೈಹೊತ್ತು ಕೂತಳು. "ಗುಡಿಸಿದ್ದಕ್ಕೆ ಕ್ಷಮೆ ಕೇಳಿ ಕಾಗದ ಬರೀಬೇಕಾ? ದೇವ್ರೇ!" ಊರಿನಲ್ಲಾದರೆ ಇದೇ ಜಗಳ ಬೇಲಿಯ ಆಚೆ ಈಚೆ ನಿಂತು ಗಟ್ಟಿ ದನಿಯಲ್ಲಿ ನಡೆಯುತ್ತಿತ್ತು, ಹತ್ತು ವರ್ಷದ ಹಿಂದಿನ ತೆಂಗಿನಕಾಯಿಯ ವಿಷಯವೂ ನಡುವೆ ಬರುತ್ತಿತ್ತು, ಸಂಜೆಗೆ ಆ ಮನೆಯ ಮಗುವಿನ ಕೈಯಲ್ಲಿ ಒಂದು ಬಟ್ಟಲು ಗುಜ್ಜೆ ಪಲ್ಯ ಬಂದು ಎಲ್ಲ ಮುಗಿಯುತ್ತಿತ್ತು. ಪಲ್ಯ ಬರದೆ ಹೋದರೆ ಮೂರು ತಲೆಮಾರು ಮಾತು ಬಿಡುವುದೂ ಉಂಟು, ಅದನ್ನು ಮುಚ್ಚಿಟ್ಟು ಊರನ್ನು ಹೊಗಳಲಾರೆ.

ಕಾಗದದ ಕೈ ಗಾಳಿಯ ತನಕ ಚಾಚಿದೆ. ಬಾಡಿಗೆ ಕರಾರಿನಲ್ಲಿ ದಿನಕ್ಕೆ ಇಂತಿಷ್ಟು ಸಲ ಕಿಟಕಿ ಪೂರ್ತಿ ತೆರೆದು ಗಾಳಿ ಆಡಿಸಬೇಕೆಂದು ಬರೆದಿರುತ್ತಾರೆ, ಹೊರಗೆ ಹಿಮ ಬೀಳುತ್ತಿದ್ದರೂ. ಹೀಟರು ಆರಿಸುವುದು, ಐದು ಹತ್ತು ನಿಮಿಷ ಕಿಟಕಿಗಳನ್ನೆಲ್ಲ ಹಾರುಹೊಡೆಯುವುದು, ನಡುಗುತ್ತ ನಿಲ್ಲುವುದು, ಮುಚ್ಚುವುದು. ಇಲ್ಲದಿದ್ದರೆ ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ನಮ್ಮ ಉಸಿರು, ಸ್ನಾನ, ಸಾರು ಕುದಿಸಿದ ಹಬೆ ಎಲ್ಲ ತಣ್ಣನೆ ಗೋಡೆಗೆ ತಾಗಿ ನೀರಾಗಿ ಮೂಲೆಯಲ್ಲಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಬಂತೆಂದರೆ ಅದು ಬಾಡಿಗೆದಾರ ಗಾಳಿ ಆಡಿಸದ ತಪ್ಪೋ ಮಾಲೀಕ ಗೋಡೆ ಕಟ್ಟಿಸಿದ ತಪ್ಪೋ ಎಂದು ಕೋರ್ಟಿನ ತನಕ ಹೋಗುತ್ತದೆ. ಆಟಿ ತಿಂಗಳಲ್ಲಿ ಚಪ್ಪಲಿ, ಬೆಲ್ಟು, ಗೋಡೆಯ ಮೇಲಿನ ಅಜ್ಜನ ಫೋಟೋ ಎಲ್ಲದಕ್ಕೂ ಬಿಳಿ ಬೂಷ್ಟು ಹಿಡಿದು, ಅದನ್ನು ಬಟ್ಟೆಯಲ್ಲಿ ಒರೆಸಿ ಮತ್ತೆ ತೊಡುವ ಊರಿನಿಂದ ಬಂದ ಅಮ್ಮನಿಗೆ ಈ ವ್ಯಾಜ್ಯ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಬೂಷ್ಟಿಗೆ ವಕೀಲರು ಬೇಕಾಗುವ ದೇಶ ಉಂಟೆಂದು ಊರಿಗೆ ಫೋನು ಮಾಡಿ ಹೇಳಿದಳು.

ಅವಳಿಗೆ ಇಲ್ಲಿ ಸ್ನೇಹವಾದದ್ದು ಕೆಳಮನೆಯ ಅಜ್ಜಿಯೊಂದಿಗೆ. ಅಜ್ಜಿಗೆ ಎಂಬತ್ತರ ಮೇಲೆ. ದಿನ ಬೆಳಗಾದರೆ ಗುಡಿಸುವ ಹೆಂಗಸೊಬ್ಬಳು ಬಂದಿದ್ದಾಳೆಂದು ಕೇಳಿ ಆಕೆಗೆ ಅಭಿಮಾನ ಉಕ್ಕಿತ್ತು. ಇಬ್ಬರ ನಡುವೆ ಭಾಷೆ ಇರಲಿಲ್ಲ, ಅಡಿಗೆ ಇತ್ತು. ಶ್ವಾಬಿಯಾದವರ ಮನೆಯೂಟವೆಂದರೆ ಬೇಯಿಸಿದ ಮಸೂರಿನ ಜೊತೆ ಶ್ಪೆಟ್ಸ್‌ಲೆ. ಗೋಧಿಹಿಟ್ಟು ಮೊಟ್ಟೆ ಕಲಸಿ, ತೂತಿನ ಒತ್ತಿನಿಂದ ಕುದಿಯುವ ನೀರಿಗೆ ಒತ್ತಿ ಬೇಯಿಸುವ ಗಿಡ್ಡ ಶಾವಿಗೆ. ಮೊಟ್ಟೆಯೆಂದು ಶಾವಿಗೆಯನ್ನು ಅಮ್ಮ ಮುಟ್ಟಲಿಲ್ಲ. ಮಸೂರು ತಿಂದಳು, ಅದಕ್ಕೆ ಅವರು ಹುಳಿಗೆ ವಿನೆಗರ್ ಹಾಕುತ್ತಾರೆ. "ಒಂದು ಒಗ್ಗರಣೆ ಬಿದ್ದಿದ್ರೆ ನಮ್ಮದೇ" ಎಂದು ತೀರ್ಪು ಕೊಟ್ಟಳು. ಆದರೆ ಅವಳ ಕಣ್ಣೆಲ್ಲ ಆ ಒತ್ತಿನ ಮೇಲೆ. ಎರಡು ಉದ್ದ ಹಿಡಿಕೆ, ಎರಡು ಕೈಯಲ್ಲಿ ಅದುಮುವುದು. ಮರುದಿನವೇ ಅದನ್ನು ಕೇಳಿ ತಂದಳು.

ನಮ್ಮ ಕಡೆಯ ಅಕ್ಕಿ ಶಾವಿಗೆ, ಸೇಮಿಗೆ ಮಾಡಲೆಂದು ಅಕ್ಕಿ ನೆನೆಹಾಕಿದಳು, ನುಣ್ಣಗೆ ರುಬ್ಬಿದಳು, ಹಿಟ್ಟನ್ನು ಬಾಣಲೆಯಲ್ಲಿ ಮಗುಚಿ ಮುದ್ದೆ ಮಾಡಿದಳು, ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದಳು. ಇಷ್ಟಕ್ಕೂ ಅಜ್ಜಿ ಒಂದು ನೋಟುಪುಸ್ತಕ, ಪೆನ್ಸಿಲು, ಅಡಿಗೆಮನೆಯ ತಕ್ಕಡಿ ಹಿಡಿದು ಕುರ್ಚಿಯ ಮೇಲೆ ಕೂತಿತ್ತು. ಅಮ್ಮ ಒಂದು ಹಿಡಿ ಅಕ್ಕಿ ತೆಗೆದರೆ ಅಜ್ಜಿ ಕೈ ಅಡ್ಡ ಹಿಡಿದು ಅದನ್ನು ತಕ್ಕಡಿಗೆ ಹಾಕಿಸುತ್ತಿತ್ತು. ಉಪ್ಪು ಎಷ್ಟು ಗ್ರಾಂ? ಅಮ್ಮ ಮೂರು ಬೆರಳು ಕೂಡಿಸಿ ತೋರಿಸಿದಳು. ಅಜ್ಜಿ ಆ ಮೂರು ಬೆರಳಿನ ಉಪ್ಪನ್ನೂ ತೂಗಿತು. ತಕ್ಕಡಿ ಸೊನ್ನೆಯಲ್ಲೇ ನಿಂತಿತ್ತು. ಅಜ್ಜಿ ಒಂದಷ್ಟು ಹೊತ್ತು ಯೋಚಿಸಿ ನೋಟುಪುಸ್ತಕದಲ್ಲಿ ಮೂರು ಬೆರಳಿನ ಚಿತ್ರ ಬರೆದುಕೊಂಡಿತು. ಉಂಡೆ ಬಿಸಿಯಿರುವಾಗಲೇ ಒತ್ತಬೇಕು, ಆರಿದರೆ ಕಲ್ಲು. ಅಮ್ಮ ಒತ್ತಿದಳು, ಎಳೆ ಊರಿನ ಮಣೆಯದ್ದಕ್ಕಿಂತ ತುಸು ದಪ್ಪ ಬಂತು. ಬೆಲ್ಲ ಹಾಕಿದ ಕಾಯಿಹಾಲಿನಲ್ಲಿ ಅದ್ದಿ ಅಜ್ಜಿ ಎರಡು ತಟ್ಟೆ ಸೇಮಿಗೆ ತಿಂದಿತು. ಹೊಟ್ಟೆ ಒತ್ತರಿಸಿ ಸಂಜೆಯ ತನಕ ಮಲಗಿತ್ತೆಂದು ಆಮೇಲೆ ಗೊತ್ತಾಯಿತು.

ಆ ಮಸೂರಿನದ್ದೇ ಒಂದು ಕತೆಯಿದೆ. ಶ್ವಾಬಿಯಾದ ಗುಡ್ಡಗಳಲ್ಲಿ ಹಿಂದೆ ಬೆಳೆಯುತ್ತಿದ್ದ ಸ್ಥಳೀಯ ಮಸೂರು, ಬೆಳೆಯುವವರಿಲ್ಲದೆ ಕಳೆದ ಶತಮಾನದ ನಡುಭಾಗದಲ್ಲಿ ಅಳಿದೇ ಹೋಯಿತು. ಒಂದು ಹಿಡಿ ಬೀಜವೂ ಉಳಿಯಲಿಲ್ಲ. 2006ರಲ್ಲಿ ಅದು ಸಿಕ್ಕಿದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ವವಿಲೋವ್ ಬೀಜಸಂಗ್ರಹದಲ್ಲಿ. ಯಾರೋ ಯಾವತ್ತೋ ಚೀಟಿ ಅಂಟಿಸಿ ಇಟ್ಟಿದ್ದರು. ಅಲ್ಲಿಂದ ಚೂರುಪಾರು ತಂದು ಬಿತ್ತಿ, ಈಗ ಇಲ್ಲಿನ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಸಿಗುತ್ತದೆ. ನಮ್ಮ ಬೈಲುಗಳ ಎಷ್ಟು ಭತ್ತದ ತಳಿಗಳು ಹೀಗೆ ಚೀಟಿಯಿಲ್ಲದೆ ಹೋದವೋ! ಅಪ್ಪ ಮಾತಿನ ನಡುವೆ ಕೆಲವು ಹೆಸರು ಹೇಳುತ್ತಾರೆ, ಅಕ್ಕಿ ಯಾರಲ್ಲೂ ಇಲ್ಲ.

ಬರೆದಿಡುವ ಈ ಚಾಳಿಯ ಫಲವನ್ನು ಕನ್ನಡದವರು ನೂರೆಂಬತ್ತು ವರ್ಷದಿಂದ ಉಣ್ಣುತ್ತಿದ್ದೇವೆ. 1836ರಲ್ಲಿ ಮಂಗಳೂರಿಗೆ ಬಂದಿಳಿದ ಹೆರ್ಮನ್ ಮೋಗ್ಲಿಂಗ್ ಈ ಸೀಮೆಯವನೇ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತೆಗೆದವನು, 1881ರಲ್ಲಿ ತೀರಿಕೊಂಡದ್ದು ಎಸ್ಲಿಂಗನ್ನಿನಲ್ಲಿ, ಸ್ಟುಟ್‌ಗಾರ್ಟಿನಿಂದ ಲೋಕಲ್ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರ. ಕಿಟೆಲ್ ಉತ್ತರದ ಕಡೆಯವನು, ಆದರೂ ಮಂಗಳೂರಿನಲ್ಲಿ 1894ರಲ್ಲಿ ನಿಘಂಟು ಅಚ್ಚು ಹಾಕಿಸಿ ಕೊನೆಗೆ 1903ರಲ್ಲಿ ಕಣ್ಣುಮುಚ್ಚಿದ್ದು ಇಲ್ಲೇ ಪಕ್ಕದ ಟ್ಯೂಬಿಂಗನ್ನಿನಲ್ಲಿ. ಊರವರು ಆಡಿ ಮರೆಯುತ್ತಿದ್ದ ಮಾತು, ಗಾದೆ, ಬಳಕೆ ಎಲ್ಲವನ್ನೂ ಆ ಪಾದ್ರಿ ಹೆಕ್ಕಿ ಹೆಕ್ಕಿ ಬರೆದುಕೊಂಡ. ಅವರಿಬ್ಬರಿಗೆ ನಮ್ಮೂರಿನ ಸೆಕೆ ಹೆಚ್ಚು ಕಷ್ಟ ಕೊಟ್ಟಿತೋ, ಹೇಳದೆ ಕೇಳದೆ ಮನೆಗೆ ಬರುವ ಜನ ಹೆಚ್ಚು ಕಷ್ಟ ಕೊಟ್ಟರೋ ಎಂದು ನನಗೆ ಕುತೂಹಲ.

ಅಮ್ಮನನ್ನು ಎಸ್ಲಿಂಗನ್ನಿಗೆ ಕರೆದುಕೊಂಡು ಹೋಗಿದ್ದೆ. ಗುಡ್ಡದ ಮೇಲಿನ ಕೋಟೆಗೋಡೆಯಿಂದ ಕೆಳಗೆ ನೋಡಿದರೆ ಇಡೀ ಪೇಟೆ ಕೆಂಪು ಹಂಚು. "ಇವರಿಗೆ ನಮ್ಮ ಹಂಚು ಯಾರು ಕೊಟ್ಟದ್ದು?" ಎಂದಳು. ಆ ಪಾದ್ರಿಗಳನ್ನು ಕಳಿಸಿದ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದನ್ನೂ, ಸಂಗತಿ ತಿರುಗುಮುರುಗು ಎಂಬುದನ್ನೂ ವಿವರಿಸಿದೆ. ಅಮ್ಮ ಪೂರ್ತಿ ಕೇಳಿ, "ಇರ್ಲಿ, ಈಗ ನಮ್ಮದೇ ಅಲ್ವಾ" ಎಂದಳು. ವಾಪಸು ಬರುವಾಗ ರೈಲು ತಡ, ಆಮೇಲೆ ರದ್ದು, ಆಮೇಲೆ ಬೇರೆ ಪ್ಲಾಟ್‌ಫಾರಂ. ಜರ್ಮನಿಯ ರೈಲು ಗಡಿಯಾರಕ್ಕೆ ಸರಿಯಾಗಿ ಓಡುತ್ತದೆಂದು ಊರಿನಲ್ಲಿ ನಂಬಿರುವವರಿಗೆ ಒಂದು ಮಾತು: ಸ್ಟುಟ್‌ಗಾರ್ಟಿನ ಮುಖ್ಯ ನಿಲ್ದಾಣವನ್ನು ನೆಲದಡಿಗೆ ಇಳಿಸುವ ಕೆಲಸ ಶುರುವಾದದ್ದು 2010ರಲ್ಲಿ, ಮುಗಿಯಬೇಕಿದ್ದದ್ದು 2019ರಲ್ಲಿ, ಆಮೇಲೆ ತಾರೀಕು ಮುಂದಕ್ಕೆ ಹೋಗುತ್ತಲೇ ಬಂದಿದೆ. ಮಂಗಳೂರಿನ ಪಂಪ್‌ವೆಲ್ ಫ್ಲೈಓವರನ್ನು ಹಿಡಿದುಕೊಂಡು ನಾವು ಎಷ್ಟು ನಗೆಯಾಡಿದೆವು! ಅದಾದರೂ 2020ರ ಜನವರಿಯಲ್ಲಿ ತೆರೆಯಿತು.

ಹೀಗೆಲ್ಲ ಕಾಗದವನ್ನು ಆಡಿಕೊಂಡರೂ ನಾನು ಅದರ ಋಣದಲ್ಲಿದ್ದೇನೆ. ಹಿಂದಿನ ಮನೆ ಬಿಡುವಾಗ ಮಾಲೀಕ ಠೇವಣಿ ಹಿಡಿದಿಟ್ಟುಕೊಂಡ. ನೆಲದ ಮೇಲಿನ ಗೀರು ನನ್ನದೇ ಎಂದು ವಾದ; ನನ್ನ ಮುರುಕು ಜರ್ಮನ್ ಕೇಳಿ ನಗೆ ಬೇರೆ. ಮನೆ ಸೇರಿದ ದಿನ ಕೋಣೆ ಕೋಣೆ ನೋಡಿ ಇಬ್ಬರೂ ಸಹಿ ಹಾಕಿದ್ದ ಪಟ್ಟಿ ಫೈಲಿನಲ್ಲಿತ್ತು, ಆ ಗೀರು ಅದರಲ್ಲಿ ದಾಖಲಾಗಿತ್ತು. ಪ್ರತಿ ತೆಗೆದು ಕಳಿಸಿದೆ, ಹಣ ಬಂತು. ಆ ಪಟ್ಟಿಗೆ ನನ್ನ ಉಚ್ಚಾರ ಹೇಗಿದೆ, ನಾನು ಯಾರ ಮಗಳು ಎಂಬುದು ಬೇಕಿರಲಿಲ್ಲ.

ಊರಿನಲ್ಲಿ ನಾನು ಎಲ್ಲಿ ಹೋದರೂ ಮೊದಲು ಕೇಳುವುದು ಅದನ್ನೇ. "ನಾರಾಯಣಣ್ಣನ ಮಗಳಾ?" ಎಂದರೆ ಬಸ್ಸು ಸ್ಟಾಪಿಲ್ಲದ ಕಡೆ ನಿಲ್ಲುತ್ತದೆ, ಬ್ಯಾಂಕಿನಲ್ಲಿ ಕುರ್ಚಿ ಸಿಗುತ್ತದೆ, ಡಾಕ್ಟರ ಟೋಕನ್ನು ನಾಲ್ಕು ಜನರನ್ನು ದಾಟಿ ಮುಂದೆ ಬರುತ್ತದೆ. ಆ ನಾಲ್ಕು ಜನ ಯಾರ ಮಕ್ಕಳೋ ಎಂದು ನಾನು ನೋಡಿದ್ದಿಲ್ಲ. ಈಗ ನಮ್ಮ ಕಡೆ ಕಟ್ಟಡದ ಕೆಲಸಕ್ಕೆ, ತೋಟಕ್ಕೆ ಒಡಿಶಾ, ಅಸ್ಸಾಂ, ಝಾರ್ಖಂಡಿನಿಂದ ಹುಡುಗರು ಬರುತ್ತಾರೆ. ಊರವರ ಬಾಯಲ್ಲಿ ಅವರೆಲ್ಲ ಸೇರಿ 'ಹಿಂದಿಯವರು', ಮನೆಯಲ್ಲಿ ಒಡಿಯಾ ಆಡುವವನೂ ಹಿಂದಿಯವನೇ. ಸಂಬಳ ಬಾಯಿಮಾತಿನದ್ದು, ಇರುವ ಶೆಡ್ಡಿಗೆ ಕರಾರಿಲ್ಲ. ಬಸ್ಸು ಅವರಿಗಾಗಿ ನಿಲ್ಲುವುದಿಲ್ಲ. ಬಾಯಿ ನಡೆಸುವ ಊರಿನಲ್ಲಿ ಬಾಯಿಲ್ಲದವರ ಗತಿ ಏನೆಂದು ನಾನು ಕೇಳಿಕೊಂಡದ್ದು ಇಲ್ಲಿಗೆ ಬಂದು, ಹೆಸರು ಉಚ್ಚರಿಸಲು ಬಾರದವರ ನಡುವೆ ಫೈಲು ಹಿಡಿದು ನಿಂತ ಮೇಲೆ.

ಕಾಗದದಲ್ಲಿ ಪ್ರೀತಿ ಬರುವುದಿಲ್ಲವೆಂದೂ ಇಲ್ಲ. ಒಂದು ಚಳಿಗಾಲದಲ್ಲಿ ಜ್ವರ ಹಿಡಿದು ಮಲಗಿದ್ದೆ. ಊರಿನಲ್ಲಾದರೆ ಮಂಚದ ಸುತ್ತ ಐದಾರು ಜನ ಕೂತು, ಇಂಥದೇ ಜ್ವರದಲ್ಲಿ ತೀರಿಹೋದವರ ಕತೆ ಹೇಳುತ್ತಿದ್ದರು. ಇಲ್ಲಿ ಬಾಗಿಲು ತೆರೆದಾಗ ಹೊರಗೆ ಚಾಪೆಯ ಮೇಲೆ ಮುಚ್ಚಿದ ಪಾತ್ರೆ, ಮುಚ್ಚಳದ ಮೇಲೆ ಅಂಟಿಸಿದ ಚೀಟಿ. ಕೆಳಮನೆಯ ಅಜ್ಜಿಯ ಕೈಬರಹ: ತರಕಾರಿ ಸೂಪು, ಸಣ್ಣ ಉರಿಯಲ್ಲಿ ಬಿಸಿ ಮಾಡುವುದು, ಕುದಿಸಬಾರದು, ಪಾತ್ರೆಗೆ ಅವಸರವಿಲ್ಲ. ಗಂಟೆ ಒತ್ತಿರಲಿಲ್ಲ, ನಿದ್ದೆ ಕೆಟ್ಟೀತೆಂದು.

ಭಾನುವಾರ ಇಲ್ಲಿ ಅಂಗಡಿ ಮುಚ್ಚಿರುತ್ತದೆ, ಗೋಡೆಗೆ ಡ್ರಿಲ್ಲು ಹಾಕುವ ಹಾಗಿಲ್ಲ, ಖಾಲಿ ಗಾಜಿನ ಬಾಟಲಿಗಳನ್ನು ರಸ್ತೆಯ ತೊಟ್ಟಿಗೆ ಎಸೆಯುವ ಹಾಗೂ ಇಲ್ಲ, ಸದ್ದಾಗುತ್ತದಲ್ಲ. ಭಾನುವಾರದ ಈ ವಿಶ್ರಾಂತಿ ದೇಶದ ಸಂವಿಧಾನದಲ್ಲೇ ಇದೆ. ನಮ್ಮ ಕಟ್ಟಡದ ನಿಯಮದಲ್ಲಿ ದಿನವೂ ಮಧ್ಯಾಹ್ನ ಒಂದರಿಂದ ಮೂರರ ತನಕ ಸದ್ದು ಮಾಡಬಾರದೆಂದು ಬೇರೆ ಬರೆದಿದೆ. ಈ ಮೌನದಲ್ಲಿ ಅಮ್ಮನಿಗೆ ಹುಚ್ಚು ಹಿಡಿದೀತೆಂದು ಊರಿನ ಎಲ್ಲರೂ ಹೆದರಿಸಿದ್ದರು. ಆದದ್ದು ಬೇರೆಯೇ. ಅವಳಿಗೆ ಜರ್ಮನಿಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಊಟ ಮುಗಿಸಿ ಮಲಗಿದರೆ ನಾಲ್ಕರ ತನಕ ಯಾರೂ ಎಬ್ಬಿಸುವುದಿಲ್ಲ. ಮದುವೆಯಾಗಿ ಬಂದಂದಿನಿಂದ ಅವಳಿಗೆ ಹೀಗೊಂದು ಮಧ್ಯಾಹ್ನ ಸಿಕ್ಕಿರಲಿಲ್ಲ: ಮೀನಿನವನ ಹಾರ್ನು ಕೇಳಿ ಕೆಲಸದವಳು ಓಡುವುದು, ಸೊಸೈಟಿಯವರು ಬರುವುದು, "ಅಕ್ಕಾ, ಒಂದು ಕತ್ತಿ ಕೊಡಿ" ಎಂದು ಬೇಲಿಯಾಚೆಯಿಂದ ಕೂಗುವುದು.

ಊರಿಗೆ ಹಿಂದಿರುಗಿದವಳು ಮಾಡಿದ ಮೊದಲ ಕೆಲಸ, ಅಪ್ಪನ ಹಳೆ ಕ್ಯಾಲೆಂಡರಿನ ರಟ್ಟಿನ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೂತು ಮಾಡಿ ಗೇಟಿಗೆ ತೂಗುಹಾಕಿದ್ದು: ಮಧ್ಯಾಹ್ನ ಒಂದರಿಂದ ಮೂರರ ತನಕ ಕರೆಯಬಾರದು. ಫೋಟೋ ನನಗೂ ಬಂತು. ಅಕ್ಷರ ಚೆನ್ನಾಗಿತ್ತು. ಮುಂದಿನ ಭಾನುವಾರ ಫೋನು ಮಾಡಿ ಹೇಗೆ ನಡೆಯುತ್ತಿದೆ ನಿದ್ದೆ ಎಂದು ಕೇಳಿದೆ.

"ಎಂತ ನಿದ್ದೆ ಮಾರಾಯ್ತಿ! ಎರಡು ಗಂಟೆಗೆ ಸರಿಯಾಗಿ ಒಬ್ಬೊಬ್ರು ಬಂದು ಬೋರ್ಡು ಓದುದು, ಓದಿ ಗಾಬರಿಯಾಗಿ ಗೇಟಿನಿಂದಲೇ ಕೂಗುದು, ಎಂತ ಅಕ್ಕಾ, ಹುಷಾರಿಲ್ವಾ, ಬೋರ್ಡು ಎಂತಕ್ಕೆ ಹಾಕಿದ್ದು ಅಂತ. ಮತ್ತೆ ಒಳಗೆ ಕರೆದು ಜರ್ಮನಿಯ ವಿಷಯ ಎಲ್ಲ ಮೊದಲಿಂದ ಹೇಳ್ಬೇಕು, ಚಾ ಮಾಡ್ಬೇಕು. ನಿನ್ನೆ ನಾಲ್ಕು ಜನ ಒಟ್ಟಿಗೆ ಬಂದಿದ್ರು. ಬೋರ್ಡು ನೋಡ್ಲಿಕ್ಕೇ ಬಂದದ್ದಂತೆ."